ಚಿತ್ರದೆಲೆ ಎತ್ತಿದವರು ಔರಾದಿಗೆ

ಪುಟ ಮಗುಚುವ ಮೊದಲು ಒಂದಿಷ್ಟು ತಡೆಯಿರಿ. ಇಸ್ಪೀಟ್ ಎಲೆ ಎಂದ ಕೂಡಲೇ ಜೂಜು ಎಂದುಕೊಳ್ಳಬೇಡಿ, ಭಿನ್ನರಾಶಿ ಎಂದ ಕೂಡಲೇ ಪಾಠ ಎಂದುಕೊಳ್ಳಬೇಡಿ. ಎರಡೂ ಬರುತ್ತವೆ. ಆದರೆ ನನ್ನನ್ನು ಕೂತಲ್ಲೇ ಕೂರಿಸಿದ ಸಂಗತಿ ಸ್ವಲ್ಪ ಮುಂದಿದೆ, ಅಲ್ಲಿಗೆ ಮುಟ್ಟುವವರೆಗೆ ಕಾಯಿರಿ.

ನಮ್ಮ ಬೀದರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ನಾನು ಭಾಲ್ಕಿಯ ಒಂದು ಸಾಲೆಯಲ್ಲಿ ಲೆಕ್ಕ ಹೇಳಿಕೊಡುತ್ತಿದ್ದೆ. ಕಲಿತದ್ದು ಉರ್ದುವಿನಲ್ಲಿ, ಕಲಿಸಬೇಕಾದದ್ದು ಕನ್ನಡದಲ್ಲಿ. ಬಾಯಿಗೆ ಬಂದ ‘ಜಮಾ, ತಫ್ರೀಕ್’ ನುಂಗಿಕೊಂಡು ‘ಕೂಡು, ಕಳೆ’ ಎನ್ನುವ ಕಾಲ ಅದು. ಬೀದರಿನ ಚೌಬಾರಾ ಗೋಪುರದ ಹತ್ತಿರ ಹಳೆ ಸಾಮಾನಿನ ಅಂಗಡಿಯಲ್ಲಿ ನನಗೆ ಬೆನ್ನು ಕಿತ್ತುಹೋದ ಒಂದು ಇಂಗ್ಲಿಷ್ ಬೀಜಗಣಿತ ಸಿಕ್ಕಿತ್ತು. ಅದರ ಕೊನೆಯ ಅಧ್ಯಾಯ ಸಂಭವದ ಲೆಕ್ಕ: ನಾಣ್ಯ, ದಾಳ, ಇಸ್ಪೀಟ್ ಎಲೆ. ಹೇಳಿಕೊಡುವವರು ಯಾರೂ ಇರಲಿಲ್ಲ. ನಿಘಂಟು ತೊಡೆಯ ಮೇಲಿಟ್ಟುಕೊಂಡು ಒಂದೊಂದು ಸಾಲನ್ನು ಮೂರು ಸಲ ಓದಿ ನಾನೇ ಅರ್ಥ ಮಾಡಿಕೊಂಡೆ. ಕಟ್ಟಿನಲ್ಲಿ ಐವತ್ತೆರಡು ಎಲೆ, ಅದರಲ್ಲಿ ರಾಜರು ನಾಲ್ವರು, ಆದ್ದರಿಂದ ಕಣ್ಣು ಮುಚ್ಚಿ ಎತ್ತಿದ ಎಲೆ ರಾಜನಾಗುವ ಸಂಭವ ಹದಿಮೂರರಲ್ಲಿ ಒಂದು. ಇಷ್ಟೇ. ಆದರೆ ಇನ್ನೂ ಆಗದ ಸಂಗತಿಯನ್ನು ಮೇಲೊಂದು ಅಂಕಿ ಕೆಳಗೊಂದು ಅಂಕಿ ಬರೆದು ಹಿಡಿಯಬಹುದು ಎನ್ನುವುದೇ ನನಗೆ ದೊಡ್ಡ ಬೆರಗಾಗಿತ್ತು. ದಾರಿಯಲ್ಲಿ ಸಿಕ್ಕವರಿಗೆಲ್ಲ ಹೇಳುತ್ತಿದ್ದೆ. ನಮ್ಮ ಮರಾಠಿ ಮಾಸ್ತರರಂತೂ ನನ್ನನ್ನು ಕಂಡರೆ ಸೈಕಲ್ ತಿರುಗಿಸಿಬಿಡುತ್ತಿದ್ದರು.

ಆಗ ಬೀದರಿನಿಂದ ಒಂದು ಹುಕುಂ ಬಂತು. ಔರಾದ್ ಕಡೆಯ ಹಳ್ಳಿಯೊಂದರಲ್ಲಿ ಹೊಸ ಸಾಲೆ ತೆರೆಯಬೇಕು, ನಿಮ್ಮಲ್ಲಿಂದ ಒಬ್ಬರನ್ನು ಕಳಿಸಿ, ಯಾರೆಂದು ನೀವೇ ಗೊತ್ತು ಮಾಡಿ ಎಂದು. ಕಳಿಸಬಹುದಾದವರು ನಾವು ನಾಲ್ವರು. ಒಬ್ಬರು ನಮ್ಮ ಹಿರಿಯ ಮಾಸ್ತರರು. ನನಗೆ ಚಿಕ್ಕಂದಿನಲ್ಲಿ ಉರ್ದುವಿನಲ್ಲಿ ಭಿನ್ನರಾಶಿ ಕಲಿಸಿದವರೇ ಅವರು. ಪಿಂಚಣಿ ಹತ್ತಿರ ಬಂದಿತ್ತು, ಹುಟ್ಟಿದಾಗಿನಿಂದ ಭಾಲ್ಕಿ ಬಿಟ್ಟು ಬೇರೆ ಊರಲ್ಲಿ ಮಲಗಿದವರಲ್ಲ. ಇನ್ನೊಬ್ಬರು ಮರಾಠಿ ಮಾಸ್ತರರು, ಮೂರನೆಯವನು ನಾನು. ಬೀದರಿನಲ್ಲಿ ಖಾಸಗಿಯಾಗಿ ಇಂಟರ್ ಪರೀಕ್ಷೆಗೆ ಓದುತ್ತಿದ್ದೆ, ಔರಾದಿಗೆ ಹೋದರೆ ಅದು ತಪ್ಪುತ್ತಿತ್ತು. ನಾಲ್ಕನೆಯವರು ಅಕ್ಕೋರು. ನಮ್ಮಲ್ಲಿ ಸಾಲೆಯ ಶಿಕ್ಷಕಿಯನ್ನು ಹಾಗೆ ಕರೆಯುತ್ತೇವೆ. ಮನ್ನಳ್ಳಿಯ ಮಗಳು, ಭಾಲ್ಕಿಯ ಸೊಸೆ, ಕೆಲಸಕ್ಕೆ ಸೇರಿ ವರ್ಷವೂ ತುಂಬಿರಲಿಲ್ಲ.

ಅಕ್ಕೋರಿಗೆ ಇದು ಬರಿ ವರ್ಗಾವಣೆಯ ಮಾತಾಗಿರಲಿಲ್ಲ. ಅತ್ತೆಮನೆಯವರು ನೌಕರಿಗೆ ಒಪ್ಪಿದ್ದು ಒಂದೇ ಕರಾರಿನ ಮೇಲೆ: ಬೆಳಿಗ್ಗೆ ನಡೆದು ಹೋಗಿ ಸಂಜೆ ನಡೆದು ಮನೆಗೆ ಬರುವಷ್ಟು ದೂರದ ಸಾಲೆಯಾಗಿರಬೇಕು. ಔರಾದ್ ಬಂದರೆ ನೌಕರಿಯೇ ಹೋದಂತೆ. ಹೆಡ್ ಮಾಸ್ತರರು ಅವರನ್ನು ಬಿಟ್ಟು ಉಳಿದ ಮೂವರಲ್ಲೇ ಗೊತ್ತು ಮಾಡೋಣ ಎಂದರು. ಅಕ್ಕೋರೇ ಒಪ್ಪಲಿಲ್ಲ.

“ನನಗಷ್ಟ ಬ್ಯಾರೆ ನ್ಯಾಯ ಬ್ಯಾಡ್ರಿ ಸರ್. ಇವತ್ತ ಹೆಣ್ಣಮಗಳು ಅಂತ ಇದಕ್ಕ ಬಿಡ್ತೀರಿ, ನಾಳಿ ಹೆಣ್ಣಮಗಳು ಅಂತ ಎಲ್ಲಾದಕ್ಕೂ ಬಿಡ್ತೀರಿ. ನಾನೂ ಎಲಿ ಎತ್ತತೇನಿ.”

ಎಲೆ ಎತ್ತುವುದು ನಮ್ಮ ಸಾಲೆಯ ಹಳೆಯ ಪದ್ಧತಿ. ಯಾರಿಗೂ ಬೇಡವಾದ ಕೆಲಸ ಬಂದಾಗ ಯಾರ ಮೇಲೂ ಮಾತು ಬರಬಾರದೆಂದು ಹಿಂದಿನ ಯಾರೋ ಹೆಡ್ ಮಾಸ್ತರರು ಹಾಕಿಕೊಟ್ಟದ್ದು. ಕಟ್ಟನ್ನು ಚೆನ್ನಾಗಿ ಕಲಸಿ ಮೇಜಿನ ಮೇಲೆ ಬೋರಲಾಗಿ ಇಡುವುದು. ಒಬ್ಬೊಬ್ಬರಾಗಿ ಮೇಲಿನ ಎಲೆ ಎತ್ತಿ ಎಲ್ಲರಿಗೂ ತೋರಿಸುವುದು. ಅಂಕಿ ಬಂದರೆ ಆ ಎಲೆ ಪಕ್ಕಕ್ಕೆ, ಪಾಳಿ ಮುಂದಿನವರಿಗೆ. ಎಕ್ಕವೂ ಅಂಕಿಯ ಲೆಕ್ಕಕ್ಕೇ. ರಾಜ, ರಾಣಿ, ಗುಲಾಮ, ಯಾವುದೇ ಚಿತ್ರ ಬಂದರೆ ಆಟ ಅಲ್ಲಿಗೇ ನಿಂತಿತು, ಎತ್ತಿದವರಿಗೆ ಕೆಲಸ. ಎಲ್ಲರದೂ ಒಂದು ಸುತ್ತು ಮುಗಿದರೂ ಚಿತ್ರ ಬರದಿದ್ದರೆ ಮತ್ತೆ ಮೊದಲಿನವರಿಂದ.

ಇದರಲ್ಲಿ ಒಂದು ಮರ್ಯಾದೆಯೂ ಇತ್ತು. ಎಲ್ಲರಿಗಿಂತ ಹೊಸಬರಿಗೆ ಮೊದಲ ಕೈ, ಹಿರಿಯರಿಗೆ ಕೊನೆಯ ಕೈ. ಹೊಸಬರು ಮೆಹಮಾನ್, ಅಂದರೆ ಅತಿಥಿ ಇದ್ದಂತೆ, ಕಟ್ಟು ತುಂಬ ಅಂಕಿಗಳಿರುವಾಗ ಅವರು ಎತ್ತಲಿ, ಅಂಕಿ ಕಡಿಮೆಯಾಗುತ್ತ ಹೋದ ಮೇಲೆ ಉಳಿದ ಗಂಡಾಂತರ ಹಿರಿಯರು ಹೊರಲಿ ಎಂದು. ಹಿರಿಯ ಮಾಸ್ತರರು ಎಷ್ಟೋ ವರ್ಷದಿಂದ ಕೊನೆಗೇ ಎತ್ತುತ್ತಿದ್ದರು, ಅದನ್ನು ತಮ್ಮ ಹೊರೆ ಎಂದೇ ತಿಳಿದಿದ್ದರು.

ಶನಿವಾರ ಎಲೆ ಎತ್ತುವುದೆಂದು ಗೊತ್ತಾಯಿತು. ನನಗೋ ಹುರುಪು. ನನ್ನ ಪುಸ್ತಕದ ಲೆಕ್ಕ ಕೊನೆಗೂ ಒಬ್ಬರ ಉಪಯೋಗಕ್ಕೆ ಬರುವ ಸಮಯ. ಕಟ್ಟಿನಲ್ಲಿ ಚಿತ್ರಗಳು ಹನ್ನೆರಡು. ಮೊದಲನೆಯವರಿಗೆ ಐವತ್ತೆರಡರಲ್ಲಿ ಹನ್ನೆರಡು. ಅವರು ಅಂಕಿ ಎತ್ತಿದರೆ ಎರಡನೆಯವರಿಗೆ ಐವತ್ತೊಂದರಲ್ಲಿ ಹನ್ನೆರಡು, ಆಮೇಲೆ ಐವತ್ತರಲ್ಲಿ, ಆಮೇಲೆ ನಲವತ್ತೊಂಬತ್ತರಲ್ಲಿ. ಕೆಳಗಿನ ಅಂಕಿ ಸಣ್ಣದಾದಂತೆಲ್ಲ ಸಂಭವ ದೊಡ್ಡದು. ಪದ್ಧತಿ ಮಾಡಿದವರು ಜಾಣರು ಎನಿಸಿತು. ಮಧ್ಯಾಹ್ನದ ಬಿಡುವಿನಲ್ಲಿ ಅಕ್ಕೋರಿಗೆ ಹಲಗೆಯ ಮೇಲೆ ಬರೆದು ತೋರಿಸಿದೆ. ನಾಲ್ವರಲ್ಲಿ ಅವರದೇ ಎಲ್ಲಕ್ಕಿಂತ ಸುರಕ್ಷಿತ ಕೈ ಎಂದೆ.

“ಹಂಗಿದ್ರ ಮನ್ಯಾಗ ಹೇಳಲೇನ್ರಿ? ಅತ್ತಿಯವರು ದಿನಾ ಕೇಳ್ಲಿಕತ್ತಾರ,” ಎಂದರು.

ಹೇಳಿರಿ ಎಂದುಬಿಟ್ಟೆ.

ಭಾತಂಬ್ರಾ ನನ್ನ ಊರು. ಅಂದು ಸಂಜೆ ಮನೆಗೆ ಹೋದಾಗ ಅವ್ವ ಪಡಸಾಲೆಯಲ್ಲಿ ಹುಣಸೆಹಣ್ಣು ಒಡೆಯುತ್ತ ಕೂತಿದ್ದಳು. ನನ್ನ ಲೆಕ್ಕ ಕೈಯಿಂದಲೂ ಆಡಿ ನೋಡಿದರೆ ಇನ್ನೂ ಚೆಂದ ಎಂದುಕೊಂಡು ನನ್ನ ಕಟ್ಟು ತೆಗೆದೆ. ನಾಲ್ಕು ಬಟ್ಟಲು ಸಾಲಾಗಿ ಇಟ್ಟೆ, ಒಂದೊಂದು ಬಟ್ಟಲು ಒಬ್ಬೊಬ್ಬರದು. ಕಲಸುವುದು, ನಾಲ್ವರ ಪರವಾಗಿಯೂ ನಾನೇ ಪಾಳಿಯಂತೆ ಎತ್ತುವುದು, ಚಿತ್ರ ಬಂದವರ ಬಟ್ಟಲಿಗೆ ಅವ್ವನ ರಾಶಿಯಿಂದ ಒಂದು ಹುಣಸೆಬೀಜ ಹಾಕುವುದು, ಮತ್ತೆ ಎಲ್ಲ ಎಲೆ ಕೂಡಿಸಿ ಕಲಸುವುದು.

ಬೀಜಗಳು ಅಕ್ಕೋರ ಬಟ್ಟಲಿಗೇ ಬೀಳತೊಡಗಿದವು.

ಮೊದಮೊದಲು ನಕ್ಕೆ. ನಾಲ್ಕಾರು ಸಲಕ್ಕೆ ಹೀಗೆ ಆಗುವುದುಂಟು ಎಂದು ಪುಸ್ತಕದಲ್ಲೇ ಇತ್ತು. ಆಟ ಬೆಳೆದಂತೆ ರಾಶಿಯೂ ಬೆಳೆಯಿತು. ಕಲಸಿದ್ದು ಸರಿಯಾಗಿಲ್ಲ ಎಂದು ಎಲೆಗಳನ್ನು ಚಾಪೆಯ ಮೇಲೆ ಹರವಿ, ಎರಡೂ ಕೈಯಿಂದ ತಿರುವಿ ಕೂಡಿಸಿ, ಬಟ್ಟಲು ಖಾಲಿ ಮಾಡಿ ಹೊಸದಾಗಿ ಶುರು ಮಾಡಿದೆ. ಮತ್ತೆ ಅದೇ. ಮೊದಲ ಬಟ್ಟಲು ತುಂಬುತ್ತಿತ್ತು, ಎರಡನೆಯದು ಅದಕ್ಕಿಂತ ಕಡಿಮೆ, ಮೂರನೆಯದು ಇನ್ನೂ ಕಡಿಮೆ, ಕೊನೆಯ ಬಟ್ಟಲಿನ ತಳ ಕಾಣುತ್ತಿತ್ತು. ನನ್ನ ಭಿನ್ನರಾಶಿಗಳು ಏರುತ್ತಿದ್ದವು, ಬೀಜಗಳು ಇಳಿಯುತ್ತಿದ್ದವು. ಅತ್ತ ಅಕ್ಕೋರು ಮನೆಯಲ್ಲಿ ಹೇಳಿ ಆಗಿರಬೇಕು.

ಅವ್ವ ನನ್ನ ಆಟ ನೋಡುತ್ತಲೇ ಇದ್ದಳು. ಯಾವ ಬಟ್ಟಲು ಯಾರದೆಂದು ಕೇಳಿ ತಿಳಿದುಕೊಂಡಿದ್ದಳು. ಕೊನೆಯ ಬಟ್ಟಲಿನ ಕಡೆ ಕೈ ತೋರಿಸಿ, “ಈ ನಾಕನೇ ಮಾಸ್ತರಗ ಪಗಾರ ಯಾಕ ಕೊಡ್ತಾರೋ? ಆಗಿಂದ ನೋಡ್ಲಿಕತ್ತೇನಿ, ಸುಮ್ಮ ಕುಂತಾನ. ಅವನ ಪಾಳಿ ಬರೂದ್ರಾಗ ನಿನ್ನ ಆಟಾನೇ ಮುಗೀತದ,” ಎಂದಳು.

ಅವಳು ಹೇಳಿದ್ದು ತಮಾಷೆಗೆ. ನಾನು ಮಾತ್ರ ಎಲೆ ಕೈಯಲ್ಲಿ ಹಿಡಿದವನು ಹಿಡಿದಂತೆಯೇ ಕೂತೆ.

ನಲವತ್ತೊಂಬತ್ತರಲ್ಲಿ ಹನ್ನೆರಡು ಎನ್ನುವುದು ಸುಳ್ಳಲ್ಲ. ಆದರೆ ಅದು ನಾಲ್ಕನೆಯವರಿಗೆ ಪಾಳಿ ಬಂದರೆ ಮಾತ್ರ. ಪಾಳಿ ಬರುವುದೇ ಅಪರೂಪ ಎನ್ನುವುದನ್ನು ನಾನು ಲೆಕ್ಕಕ್ಕೆ ಹಿಡಿದೇ ಇರಲಿಲ್ಲ. ಅವರ ತನಕ ಬರಬೇಕಾದರೆ ಮೊದಲಿನ ಮೂವರೂ ಅಂಕಿ ಎತ್ತಿರಬೇಕು. ಅಂದರೆ ಮೊದಲು ಆ ಮೂರು ಸಂಭವಗಳನ್ನು ಒಂದಕ್ಕೊಂದು ಗುಣಿಸಿ, ಬಂದದ್ದನ್ನು ಈ ಸಂಭವಕ್ಕೆ ಗುಣಿಸಬೇಕು. ಪುಸ್ತಕದಲ್ಲಿ ಈ ಗುಣಾಕಾರದ ನಿಯಮ ನಾಲ್ಕು ಸಾಲಿನಲ್ಲಿತ್ತು. ಓದಿದ್ದೆ, ಅದರ ಕೆಳಗೆ ಗೆರೆಯನ್ನೂ ಎಳೆದಿದ್ದೆ.

ಗುಣಿಸುತ್ತ ಹೋದೆ. ಮೊದಲ ಸುತ್ತಿನಲ್ಲಿ ನೂರಕ್ಕೆ ಅಕ್ಕೋರಿಗೆ ಸುಮಾರು ಇಪ್ಪತ್ಮೂರು, ನನಗೆ ಹದಿನೆಂಟು, ಮರಾಠಿ ಮಾಸ್ತರರಿಗೆ ಹದಿನಾಲ್ಕು, ಹಿರಿಯ ಮಾಸ್ತರರಿಗೆ ಹನ್ನೊಂದು. ಇವೆಲ್ಲ ಕೂಡಿದರೆ ಅರವತ್ತಾರು. ಉಳಿದ ಮೂವತ್ನಾಲ್ಕರಲ್ಲಿ ಯಾರಿಗೂ ಚಿತ್ರ ಬರದೆ ಎರಡನೇ ಸುತ್ತು ಶುರುವಾಗುತ್ತದೆ, ಅಲ್ಲೂ ಮೊದಲ ಕೈ ಅಕ್ಕೋರದೇ. ಸುತ್ತು ಸುತ್ತು ಹಿಡಿದು ಕೊನೆಯವರೆಗೆ ಕೂಡಿಸಿದೆ. ಅಕ್ಕೋರದು ನೂರಕ್ಕೆ ಮೂವತ್ತೈದು. ನನ್ನದು ಇಪ್ಪತ್ತೇಳು. ಮರಾಠಿ ಮಾಸ್ತರರದು ಇಪ್ಪತ್ತೊಂದು. ಹಿರಿಯ ಮಾಸ್ತರರದು ಹದಿನಾರು. ಬಟ್ಟಲಿನಲ್ಲಿಯ ಬೀಜಗಳನ್ನು ನೋಡಿದೆ. ನನಗೆ ಗೊತ್ತಾಗುವ ಮೊದಲೇ ಅವು ಇದನ್ನೇ ಹೇಳುತ್ತಿದ್ದವು. ಎಲೆಗೆ ಯಾರ ಪರಿಚಯವೂ ಇಲ್ಲ, ಕಲಸಿದ ಕೈಗೆ ಏನೂ ಗೊತ್ತಿಲ್ಲ, ಆದರೂ ಆ ಗೊತ್ತಿಲ್ಲದಿರುವುದರ ಒಳಗೆ ಇಷ್ಟು ಅಚ್ಚುಕಟ್ಟಾದ ಇಳಿಜಾರು. ನನಗೆ ಹೆದರಿಕೆ ಬಂತೋ ಸಂತೋಷವಾಯಿತೋ ಈಗಲೂ ಹೇಳಲಾರೆ.

ಮೆಹಮಾನ್ ಎಂದು ಕೊಟ್ಟ ಮರ್ಯಾದೆ ಮೆಹಮಾನ್‌ರನ್ನೇ ಮುಂದೆ ನೂಕುತ್ತಿತ್ತು. ಮೋಸ ಮಾಡಿದವರು ಯಾರೂ ಇರಲಿಲ್ಲ.

ಮಾರನೆಯ ಬೆಳಿಗ್ಗೆ ಅಕ್ಕೋರಿಗೆ ಮೊದಲು ಹೇಳಿದೆ. ಅವರು ಬೈಯಲಿಲ್ಲ, ನಿನ್ನೆ ಹೇಳಿದ್ದು ಮತ್ತು ಇವತ್ತು ಹೇಳಿದ್ದು ಎರಡರಲ್ಲಿ ಯಾವುದು ನಂಬಲಿ ಎಂದು ಮಾತ್ರ ಕೇಳಿದರು. ಇದಕ್ಕೆ ಸಾಕ್ಷಿ ಇದೆ ಎಂದೆ. ಈಗ ಇದನ್ನು ಮೇಲಕ್ಕೆ ಒಯ್ಯಬೇಕು. ಹೆಡ್ ಮಾಸ್ತರರ ಹತ್ತಿರ ಹೋದರೆ ಅವರು ಒಂದು ಮಾತಿನಲ್ಲಿ ಪದ್ಧತಿ ಬದಲಿಸಬಹುದಿತ್ತು. ಆದರೆ ಅದರಿಂದ ಏಟು ಬೀಳುವುದು ಹಿರಿಯ ಮಾಸ್ತರರಿಗೆ. ಅವರ ಹದಿನಾರನ್ನು ಏರಿಸಿ ಅಕ್ಕೋರ ಮೂವತ್ತೈದನ್ನು ಇಳಿಸಬೇಕು, ಬೇರೆ ದಾರಿಯೇ ಇಲ್ಲ. ಅವರಿಗೆ ಗೊತ್ತಿಲ್ಲದಂತೆ ಮಾಡಲು ಮನಸ್ಸು ಬರಲಿಲ್ಲ. ನೇರವಾಗಿ ಅವರ ಮನೆಗೇ ಹೋದೆ.

ಅಂಗಳದಲ್ಲಿ ಹುಕ್ಕಾ ಪಕ್ಕಕ್ಕಿಟ್ಟು ಪೂರ್ತಿ ಕೇಳಿಸಿಕೊಂಡರು.

“ಅಂದ್ರ ಇಷ್ಟು ವರ್ಷ ನಾ ಮೆಹಮಾನ್ ಹಿಂದ ಅಡಗಿ ಕುಂತಿದ್ದೆ ಅಂತೀಯೇನು?”

ಹಾಗಲ್ಲ ಸಾಹೇಬ್ರ, ಯಾರಿಗೂ ಗೊತ್ತಿರಲಿಲ್ಲ ಎಂದೆ.

“ಬೇಟಾ, ಗೊತ್ತಿಲ್ದ ಕುಂತ್ರೂ ನೆರಳು ತಣ್ಣಗೇ ಇರ್ತದ. ಲೆಕ್ಕ ತೋರ್ಸು.”

ತೋರಿಸಿದೆ. ಅವರು ಕನ್ನಡಕ ಏರಿಸಿ ಒಂದೊಂದು ಗುಣಾಕಾರವನ್ನೂ ತಾವೇ ಮತ್ತೆ ಮಾಡಿದರು, ಬಾಯಲ್ಲಿ ಉರ್ದು ಅಂಕಿ, ಬೆರಳು ನೆಲದ ಮಣ್ಣಿನ ಮೇಲೆ. ಒಂದು ಕಡೆ ನಾನು ಸೊನ್ನೆ ಬಿಟ್ಟಿದ್ದನ್ನು ಹಿಡಿದು ಸರಿಮಾಡಿದರು. ಗುಣಾಕಾರ ಸರಿ ಇದೆ, ಆದರೆ ಮನಸ್ಸು ಒಪ್ಪುತ್ತಿಲ್ಲ ಎಂದರು. ಹಾಗಾದರೆ ಸಾಲೆಯಲ್ಲಿ ಎಲ್ಲರ ಮುಂದೆ ಆಡೋಣ ಎಂದೆ.

ಸಾಲೆ ಬಿಟ್ಟ ಮೇಲೆ ವರಾಂಡದಲ್ಲಿ ಕೂತೆವು. ಅವ್ವನ ಹುಣಸೆಬೀಜ ಚೀಲದಲ್ಲಿ ತಂದಿದ್ದೆ. ಈ ಸಲ ಕಲಸುವ ಕೆಲಸ ಹಿರಿಯ ಮಾಸ್ತರರೇ ವಹಿಸಿಕೊಂಡರು, ನನ್ನ ಕೈ ಮುಟ್ಟಬಾರದೆಂದು. ನಾಲ್ವರೂ ತಮ್ಮ ತಮ್ಮ ಎಲೆ ತಾವೇ ಎತ್ತಿದರು. ಮರಾಠಿ ಮಾಸ್ತರರಿಗೆ ಮೊದಲಿಗೆ ಚೇಷ್ಟೆ, ಚಿತ್ರ ಬಂದಾಗೆಲ್ಲ ಔರಾದ್ ಬಸ್ಸಿನ ಕಂಡಕ್ಟರನಂತೆ ಕೂಗುತ್ತಿದ್ದರು. ಬೀಜದ ರಾಶಿ ಬೆಳೆದಂತೆ ಅವರ ಕೂಗು ನಿಂತಿತು. ಅಕ್ಕೋರ ಬಟ್ಟಲು ಹಿರಿಯ ಮಾಸ್ತರರ ಬಟ್ಟಲಿನ ಎರಡರಷ್ಟಾಗಿತ್ತು, ಎಣಿಸುವ ಅವಶ್ಯಕತೆಯೇ ಇರಲಿಲ್ಲ.

ಮರಾಠಿ ಮಾಸ್ತರರು ಮೆಲ್ಲಗೆ, “ಮೆಹಮಾನಗ ಊಟ ಮೊದಲ ಹಾಕ್ತೇವಿ, ಖರೆ. ಉರುಲೂ ಮೊದಲ ಹಾಕ್ತಿದ್ದೇವಲ್ರೀ,” ಎಂದರು.

ಹೆಡ್ ಮಾಸ್ತರರು ಮತ್ತೇನು ಮಾಡಬೇಕೆಂದು ನನ್ನನ್ನೇ ಕೇಳಿದರು. ನಾನು ಕಟ್ಟಿನಿಂದ ಮೂರು ಅಂಕಿಯ ಎಲೆ, ಒಂದು ಚಿತ್ರದೆಲೆ, ನಾಲ್ಕೇ ನಾಲ್ಕು ತೆಗೆದೆ. ಮೊದಲೇ ಯಾರಿಗೂ ತೋರಿಸಬಾರದು, ನಾಲ್ವರೂ ಒಂದೊಂದು ಎತ್ತಿ ಆದ ಮೇಲೆ ತೆರೆಯಬೇಕು ಎಂದೆ. ಆದರೆ ಇದರಲ್ಲೂ ಮೊದಲು ಎತ್ತುವವರಿಗೆ ಒಂದು, ಕೊನೆಯವರಿಗೆ ಒಂದು ಆಗುವುದಿಲ್ಲವೇ ಎಂದು ಅಕ್ಕೋರು ಕೇಳಿದರು. ಒಮ್ಮೆ ಸುಟ್ಟ ಕೈ ಅವರದು, ಕೇಳಬೇಕಾದದ್ದೇ.

ಓದುಗರೇ, ನಾನು ಕಾಯಿರಿ ಎಂದದ್ದು ಇದಕ್ಕೇ. ಮೊದಲನೆಯವರಿಗೆ ಚಿತ್ರ ಬರುವ ಸಂಭವ ನಾಲ್ಕರಲ್ಲಿ ಒಂದು, ಇದರಲ್ಲಿ ಏನೂ ಇಲ್ಲ. ಎರಡನೆಯವರಿಗೆ ಬರಬೇಕಾದರೆ ಮೊದಲನೆಯವರಿಗೆ ತಪ್ಪಿರಬೇಕು: ನಾಲ್ಕರಲ್ಲಿ ಮೂರು. ಆಮೇಲೆ ಉಳಿದ ಮೂರರಲ್ಲಿ ಒಂದು. ಎರಡನ್ನೂ ಗುಣಿಸಿದರೆ ಮೇಲಿನ ಮೂರು ಕೆಳಗಿನ ಮೂರನ್ನು ಹೊಡೆದುಹಾಕುತ್ತದೆ, ಉಳಿಯುವುದು ನಾಲ್ಕರಲ್ಲಿ ಒಂದು. ಮೂರನೆಯವರಿಗೆ: ನಾಲ್ಕರಲ್ಲಿ ಮೂರು, ಮೂರರಲ್ಲಿ ಎರಡು, ಎರಡರಲ್ಲಿ ಒಂದು. ಮೂರು ಮೂರನ್ನು ತಿಂದಿತು, ಎರಡು ಎರಡನ್ನು ತಿಂದಿತು, ನಾಲ್ಕರಲ್ಲಿ ಒಂದು. ಕೊನೆಯವರು ಎತ್ತುವುದೇ ಇಲ್ಲ, ಬಿಟ್ಟದ್ದನ್ನು ತೆಗೆದುಕೊಳ್ಳುತ್ತಾರೆ, ಅವರದೂ ನಾಲ್ಕರಲ್ಲಿ ಒಂದು. ಯಾರು ಮೊದಲು ಯಾರು ಹಿಂದೆ ಎಂಬುದೆಲ್ಲ ತಾನಾಗಿ ಅಳಿಸಿಹೋಗುತ್ತದೆ. ಹಲಗೆಯ ಮೇಲೆ ಬಳಪದಿಂದ ಅಂಕಿಗಳನ್ನು ಹೊಡೆಯುತ್ತ ಬಂದಾಗ ಅಲ್ಲಿದ್ದ ಐದು ಜನರೂ ಅದನ್ನೇ ನೋಡುತ್ತಿದ್ದೆವು. ಲೆಕ್ಕ ಮಾಡಿದವನು ನಾನೇ, ಆದರೂ ಯಾರೋ ನಮಗಿಂತ ಮೊದಲೇ ಅದನ್ನು ಹೊಂದಿಸಿಟ್ಟಂತೆ ಕಂಡಿತು. ಹಿರಿಯ ಮಾಸ್ತರರು ಎದ್ದು ಬಂದು ಹಲಗೆಯ ಹತ್ತಿರ ನಿಂತು, ಆ ಹೊಡೆದ ಮೂರಿನ ಮೇಲೆ ಬೆರಳಾಡಿಸಿದರು. “ಇಂಥಾ ಭಿನ್ನರಾಶಿ ನಾನೇ ನಿನಗ ಕಲಿಸೀನಿ. ಇದು ಹಿಂಗ ಮಾತಾಡ್ತದ ಅಂತ ನನಗ ಗೊತ್ತಿರಲಿಲ್ಲ,” ಎಂದರು.

ಶನಿವಾರ ನಾಲ್ಕು ಎಲೆಗಳನ್ನು ಹೆಡ್ ಮಾಸ್ತರರು ಮೇಜಿನ ಮೇಲೆ ಬೋರಲಾಗಿ ಇಟ್ಟರು. ಎಷ್ಟು ಹೇಳಿದರೂ ಅಕ್ಕೋರು ಕೊನೆಗೇ ತೆಗೆದುಕೊಳ್ಳುತ್ತೇನೆಂದರು. ಲೆಕ್ಕದಲ್ಲಿ ಎರಡೂ ಒಂದೇ ಆದ್ದರಿಂದ ಯಾರೂ ತಕರಾರು ಮಾಡಲಿಲ್ಲ. ಹಿರಿಯ ಮಾಸ್ತರರು ಎಷ್ಟೋ ವರ್ಷಗಳ ಮೇಲೆ ಮೊದಲ ಕೈ ಹಾಕಿದರು. ಆಮೇಲೆ ಮರಾಠಿ ಮಾಸ್ತರರು, ಆಮೇಲೆ ನಾನು.

ತೆರೆಯುವಾಗ ನಾನೇ ಮೊದಲು ತೆರೆದೆ. ಕಳಾವರ್ ಏಳು. ಮರಾಠಿ ಮಾಸ್ತರರದು ಆಟೀನು ಮೂರು. ಇನ್ನು ಇಬ್ಬರು. ಅಕ್ಕೋರು ಎಲೆಯನ್ನು ಮೇಜಿಗೆ ಒತ್ತಿ ಹಿಡಿದಿದ್ದರು, ಉಗುರು ಬೆಳ್ಳಗಾಗಿತ್ತು. ತೆರೆಯಲು ಆಗುತ್ತಿರಲಿಲ್ಲ. ಹಿರಿಯ ಮಾಸ್ತರರು ಅವರ ಮುಖ ನೋಡಿ ತಮ್ಮ ಎಲೆ ತಿರುಗಿಸಿದರು.

ಇಸ್ಪೀಟ್ ಗುಲಾಮ.

ಅಕ್ಕೋರು ಅಳತೊಡಗಿದರು. ಅವರ ನೌಕರಿ ಉಳಿದಿತ್ತು, ಅದಕ್ಕೆ ಅತ್ತರೋ ಮುದುಕರನ್ನು ನೋಡಿ ಅತ್ತರೋ ತಿಳಿಯಲಿಲ್ಲ. ಹಳೆಯ ಪದ್ಧತಿ ಇದ್ದಿದ್ದರೆ ಹಿರಿಯ ಮಾಸ್ತರರದು ಹದಿನಾರು, ನಾನು ಅದನ್ನು ಇಪ್ಪತ್ತೈದು ಮಾಡಿದ್ದೆ. ಆ ಹೆಚ್ಚಿನ ಒಂಬತ್ತು ನನ್ನ ಕೈಯಿಂದ ಹೋದದ್ದು. ಪರೀಕ್ಷೆ ಮುಂದಿನ ವರ್ಷಕ್ಕಾಗಲಿ, ಅವರ ಬದಲು ನಾನು ಹೋಗುತ್ತೇನೆ ಎಂದೆ. ಅಕ್ಕೋರೂ ಕಣ್ಣೊರೆಸಿಕೊಂಡು ತಾವೇ ಹೋಗುವುದಾಗಿ ಹೇಳಿದರು.

ಹಿರಿಯ ಮಾಸ್ತರರು ಗುಲಾಮನನ್ನು ಉಳಿದ ಮೂರು ಎಲೆಯ ಜೊತೆ ಕೂಡಿಸಿ ಇಟ್ಟರು. “ನಾಕರಾಗ ಒಂದು ಅಂದಿ. ಆ ಒಂದು ಯಾರರೇ ಆಗಬೇಕಲ್ಲ? ಎಲಿ ತೆರದ ಮ್ಯಾಲ ಬದಲ್ ಮಾಡೂದಿದ್ರ ಅಷ್ಟು ಚೆಂದ ಲೆಕ್ಕ ಯಾಕ ಬೇಕಿತ್ತು?”

ಅವರು ಹೊರಡುವ ದಿನ ಬಸ್ ನಿಲ್ಲುವಲ್ಲಿಗೆ ಟ್ರಂಕು ಹೊತ್ತುಕೊಂಡು ಹೋಗಿದ್ದೆ. ಟ್ರಂಕು ಮೇಲೇರಿಸಿ ಕೆಳಗಿಳಿದೆ. ಕಿಟಕಿಯಿಂದ ಕೈಮಾಡಿ ಕರೆದರು. ಬೈಯುತ್ತಾರೇನೋ ಎಂದುಕೊಂಡು ಹತ್ತಿರ ಹೋದೆ. ಅವರ ಮುಖದಲ್ಲಿ, ಹೊಸ ಲೆಕ್ಕ ಸಿಕ್ಕಾಗ ನನ್ನ ಮುಖದಲ್ಲಿ ಇರುತ್ತದಲ್ಲ, ಅಂಥದೇ ಏನೋ ಇತ್ತು.

“ಒಂದು ಮಾತು ಹೇಳು. ನಾ ಎಲಿ ಎತ್ತೂಕಿಂತ ಮೊದಲ ನಾಕರಾಗ ಒಂದು. ನೀವಿಬ್ರೂ ತೆರದ ಮ್ಯಾಲ ಎರಡರಾಗ ಒಂದು. ನಾ ತಿರುಗಿಸಿದ ಮ್ಯಾಲ ಒಂದರಾಗ ಒಂದು. ಎಲಿ ಅಂತೂ ಎತ್ತಿದಾಗಿಂದ ಗುಲಾಮನೇ ಆಗಿತ್ತು, ಹೌದಿಲ್ಲ? ಅದು ಏನೂ ಬದಲಾಗಲಿಲ್ಲ. ಹಂಗಿದ್ರ ಬದಲಾದದ್ದು ಯಾವುದು?”

ನನ್ನ ಪುಸ್ತಕದಲ್ಲಿ ಅದಕ್ಕೆ ಉತ್ತರ ಇರಲಿಲ್ಲ. ಯೋಚಿಸಿ ಹೇಳುತ್ತೇನೆ ಎಂದೆ. ಬಸ್ಸು ಹೊರಟಿತು.

ಈಗಲೂ ಯೋಚಿಸುತ್ತಿದ್ದೇನೆ. ನಿಮ್ಮ ಊರಿನಲ್ಲಿ ನೀರಿನ ಪಾಳಿಗೋ ಹೊಲದ ಪಾಲಿಗೋ ಬೇಡದ ಕೆಲಸಕ್ಕೋ ಚೀಟಿ, ಕಡ್ಡಿ, ಕವಡೆ, ಎಲೆ ಏನಾದರೂ ಎತ್ತುತ್ತೀರಲ್ಲ. ಯಾರ ಕೈ ಮೊದಲು, ಆಟ ಎಲ್ಲಿಗೆ ನಿಲ್ಲುತ್ತದೆ, ಎತ್ತಿದ್ದನ್ನು ತೆರೆಯುವ ತನಕ ಅಂಗೈಯಲ್ಲಿ ಹಿಡಿದಿದ್ದಾಗ ನಿಮಗೆ ಏನನ್ನಿಸಿತ್ತು, ದಯವಿಟ್ಟು ಬರೆದು ತಿಳಿಸಿರಿ. ಹಿರಿಯ ಮಾಸ್ತರರ ಪ್ರಶ್ನೆಗೆ ಯಾರಿಗಾದರೂ ಉತ್ತರ ಹೊಳೆದರೆ ಅದನ್ನೂ ಬರೆಯಿರಿ. ಅವರು ಇನ್ನೂ ಅಲ್ಲೇ ಇದ್ದಾರೆ, ಓದಿ ಔರಾದಿಗೆ ನಾನೇ ಒಯ್ದು ಹೇಳುತ್ತೇನೆ.